ಲೆಕ್ಕ ಕೇಳದ ಓದು

ನವೆಂಬರ್ ಬಂತೆಂದರೆ ಬೆಂಗಳೂರಿನ ಪುಸ್ತಕದಂಗಡಿಗಳಲ್ಲಿ ರಾಜ್ಯೋತ್ಸವದ ರಿಯಾಯಿತಿ. ಮಕ್ಕಳ ಪುಸ್ತಕಗಳ ಕಪಾಟಿನ ಹತ್ತಿರ ಸ್ವಲ್ಪ ಹೊತ್ತು ನಿಂತರೆ ಪ್ರತಿವರ್ಷ ಒಂದೇ ಮಾತು ಬೇರೆ ಬೇರೆ ದನಿಗಳಲ್ಲಿ ಕಿವಿಗೆ ಬೀಳುತ್ತದೆ. ಮಗು ದೆವ್ವದ ಚಿತ್ರವಿರುವ ಪುಸ್ತಕವನ್ನೋ ಕಾರ್ಟೂನಿನ ಪುಸ್ತಕವನ್ನೋ ಎತ್ತಿಕೊಂಡು ಎದೆಗವಚಿಕೊಂಡಿರುತ್ತದೆ. ಅಪ್ಪನೋ ಅಮ್ಮನೋ ಅದನ್ನು ತಗೊಂಡು, ಹಿಂದೆ ತಿರುಗಿಸಿ ಬೆಲೆ ನೋಡಿ, ಒಳಗೆ ನಾಲ್ಕು ಪುಟ ಮಗುಚಿ, "ಇದ್ರಲ್ಲಿ ಕಲಿಯೋದೇನಿದೆ? ಅಲ್ನೋಡು, ವಿಜ್ಞಾನಿಗಳ ಜೀವನಚರಿತ್ರೆ ಇದೆ, ಅದನ್ನ ತಗೋ" ಅನ್ನುತ್ತಾರೆ. ಮಗು ವಿಜ್ಞಾನಿಗಳನ್ನು ಹಿಡಿದುಕೊಂಡು ಬಿಲ್ಲಿನ ಸಾಲಿನಲ್ಲಿ ನಿಲ್ಲುತ್ತದೆ. ದೆವ್ವದ ಪುಸ್ತಕ ಕಪಾಟಿಗೆ ವಾಪಸ್ಸು.

ಇಂಥದೇ ಅಪ್ಪ ಅಮ್ಮಂದಿರು ಸಂಜೆ ಪಾರ್ಕಿನಲ್ಲಿ ಸಿಕ್ಕರೆ, "ನಮ್ಮವನು ಪುಸ್ತಕ ಮುಟ್ಟೋದೇ ಇಲ್ಲ ಕಣ್ರೀ. ಯಾವಾಗ್ನೋಡಿದ್ರೂ ಫೋನು. ಏನ್ ಕೊಟ್ರೆ ಓದ್ತಾನೆ ಹೇಳಿ, ಒಂದು ಲಿಸ್ಟ್ ಮಾಡ್ಕೊಡಿ" ಅಂತ ಕೇಳುತ್ತಾರೆ. ನಾನು ಶನಿವಾರ ಮಧ್ಯಾಹ್ನ ಮಕ್ಕಳ ಜೊತೆ ಪುಸ್ತಕ ಹಿಡಿದು ಕೂರುವವಳು ಅನ್ನುವುದು ಗೊತ್ತಿರುವುದರಿಂದ ಈ ಪ್ರಶ್ನೆ ನನ್ನ ಪಾಲಿಗೆ ಬರುತ್ತಲೇ ಇರುತ್ತದೆ. ಕೇಳುವವರ ಕಾಳಜಿ ನಿಜವಾದದ್ದು. ಅಂಗಡಿಯಲ್ಲಿ ದೆವ್ವದ ಪುಸ್ತಕ ಬೇಡವೆಂದ ಕಾಳಜಿಯೂ ನಿಜವಾದದ್ದೇ. ಅವರಲ್ಲಿ ಹೆಚ್ಚಿನವರು ಪಠ್ಯಪುಸ್ತಕ ಓದಿ, ಪರೀಕ್ಷೆ ಪಾಸು ಮಾಡಿ, ಅದರ ಬಲದಿಂದಲೇ ಹಳ್ಳಿಯಿಂದ, ತಾಲ್ಲೂಕಿನಿಂದ ಈ ಊರಿಗೆ ಬಂದು ಮನೆ ಮಾಡಿದವರು. ಕೊಟ್ಟ ದುಡ್ಡಿಗೆ, ಕಳೆದ ಹೊತ್ತಿಗೆ ಪುಸ್ತಕ ಏನಾದರೂ ಕೊಡಬೇಕು ಎಂದು ಅವರು ಬಯಸಿದರೆ ತಪ್ಪೇನೂ ಇಲ್ಲ. ಆದರೆ ಆ ಎರಡು ಮಾತುಗಳ ನಡುವೆಯೇ ಎಲ್ಲೋ ಮಗುವಿನ ಓದು ಕಳೆದುಹೋಗುತ್ತಿದೆ ಅನ್ನುವುದು ಬಹಳ ದಿನಗಳಿಂದ ನನ್ನನ್ನು ಕಾಡುತ್ತಿದೆ. ಲಿಸ್ಟ್ ಕೊಟ್ಟು ಕಳಿಸಲು ಮನಸ್ಸು ಒಪ್ಪುವುದಿಲ್ಲ. ಲಿಸ್ಟಿಗಿಂತ ಮೊದಲು ಮಾತಾಡಬೇಕಾದದ್ದು ಬೇಕಾದಷ್ಟಿದೆ.

ದೊಡ್ಡಮ್ಮನ ದನಿ

ನಮ್ಮದು ಹನುಮಂತನಗರದ ಒಂದು ವಠಾರ. ಡಿಸೆಂಬರ್, ಜನವರಿ ಬಂದರೆ ಮಧ್ಯಾಹ್ನದ ಊಟ ಮುಗಿಸಿ ಹೆಂಗಸರೆಲ್ಲ ನಮ್ಮ ನಡುಮನೆಯಲ್ಲಿ ಸೇರುತ್ತಿದ್ದರು. ನಡುವೆ ಹಳೇ ಪೇಪರಿನ ಮೇಲೆ ಅವರೆಕಾಯಿಯ ರಾಶಿ, ಸುತ್ತ ಅಮ್ಮ, ಚಿಕ್ಕಮ್ಮ, ಪಕ್ಕದ ಮನೆಯ ಅಜ್ಜಿ, ಅವರ ಕಾಲುಗಳ ಸಂದಿಯಲ್ಲಿ ನಾವು ಮಕ್ಕಳು. ದೊಡ್ಡಮ್ಮನೊಬ್ಬರೇ ಕಾಯಿ ಬಿಡಿಸುತ್ತಿರಲಿಲ್ಲ. ಗೋಡೆಗೊರಗಿ ಕಾಲು ಚಾಚಿಕೊಂಡು 'ಸುಧಾ' ಬಿಚ್ಚಿ ಧಾರಾವಾಹಿ ಓದುವುದು ಅವರ ಪಾಲಿನ ಕೆಲಸ. ಅತ್ತೆ ಪಾತ್ರಕ್ಕೆ ಒಂದು ದನಿ, ಸೊಸೆಗೆ ಇನ್ನೊಂದು. ಪತ್ರ ಬಂದ ಸನ್ನಿವೇಶ ಇದ್ದರೆ ಕನ್ನಡಕ ಸರಿಮಾಡಿಕೊಂಡು, ಆ ಪತ್ರ ತಮಗೇ ಬಂದಂತೆ ಓದುತ್ತಿದ್ದರು. ಕೊನೆಯಲ್ಲಿ 'ಮುಂದುವರಿಯುವುದು' ಅನ್ನುವುದನ್ನು ಎಷ್ಟು ಸಿಟ್ಟಿನಿಂದ ಓದುತ್ತಿದ್ದರೆಂದರೆ, ಅದೂ ಕಥೆಯ ಒಂದು ಪಾತ್ರವೇ ಇರಬೇಕು ಎಂದು ನಾನು ಅಂದುಕೊಂಡಿದ್ದೆ.

ಯಾರೂ ನಮಗೆ 'ಕೇಳಿ' ಎಂದು ಹೇಳಿರಲಿಲ್ಲ. ಅದು ಮಕ್ಕಳ ಕಥೆಯೂ ಆಗಿರಲಿಲ್ಲ. ವರದಕ್ಷಿಣೆ, ವರ್ಗಾವಣೆ, ಯಾರೋ ಯಾರನ್ನೋ ಬಿಟ್ಟುಹೋದದ್ದು. ಅರ್ಧ ಮಾತು ತಿಳಿಯುತ್ತಿರಲಿಲ್ಲ, ತಿಳಿಯದ್ದನ್ನು ಯಾರೂ ಬಿಡಿಸಿ ಹೇಳುತ್ತಲೂ ಇರಲಿಲ್ಲ. ಆದರೂ ಅಲ್ಲಿಂದ ಎದ್ದು ಆಟಕ್ಕೆ ಹೋಗಲು ಮನಸ್ಸಾಗುತ್ತಿರಲಿಲ್ಲ.

ಒಂದು ಮಧ್ಯಾಹ್ನ, ಕಥೆಯ ಹುಡುಗಿ ರೈಲ್ವೆ ಸ್ಟೇಷನ್ನಿನಲ್ಲಿ ಯಾರಿಗೋ ಕಾಯುತ್ತಿರುವಾಗ, ಹೊರಗಿನಿಂದ ಯಾರೋ "ನೀರು ಬಂತು" ಎಂದು ಕೂಗಿದರು. ನಲ್ಲಿ ನೀರಿನ ಮುಂದೆ ಯಾವ ಕಥೆಯೂ ನಿಲ್ಲುವುದಿಲ್ಲ. ಎಲ್ಲರೂ ಬಿಂದಿಗೆ, ಬಕೆಟ್ಟು ಹಿಡಿದು ಎದ್ದರು. ದೊಡ್ಡಮ್ಮ ಪತ್ರಿಕೆಯನ್ನು ಮಗುಚಿಟ್ಟು ಹೊರಟರು. ನಾನಾಗ ಮೂರನೇ ಕ್ಲಾಸು. ಕೈತುಂಬ ಅವರೆಯ ಸೊಗಡು, ಅಂಟು. ಆ ಕೈಯಲ್ಲೇ ಪತ್ರಿಕೆ ತಿರುಗಿಸಿ, ಅವರು ನಿಲ್ಲಿಸಿದ ಸಾಲು ಹುಡುಕಿ, ಮುಂದಿನ ಸಾಲನ್ನು ಅಕ್ಷರ ಅಕ್ಷರ ಕೂಡಿಸಿಕೊಂಡು ಓದತೊಡಗಿದೆ. ಒತ್ತಕ್ಷರ ಬಂದಲ್ಲೆಲ್ಲ ಎಡವುತ್ತಿದ್ದೆ. ಆದರೆ ಆ ಕಥೆಯ ಹೆಸರುಗಳು, ಆ ಕಥೆಯ ಜನ ಮಾತಾಡುವ ರೀತಿ ವಾರಗಟ್ಟಲೆಯಿಂದ ಕಿವಿಯಲ್ಲಿದ್ದುದರಿಂದ, ಪದದ ಮೊದಲ ಎರಡಕ್ಷರ ಕಂಡರೆ ಉಳಿದದ್ದು ತಾನಾಗಿ ಬಾಯಿಗೆ ಬರುತ್ತಿತ್ತು. ದೊಡ್ಡಮ್ಮ ಸೀರೆಯ ಅಂಚು ಒದ್ದೆ ಮಾಡಿಕೊಂಡು ವಾಪಸ್ಸು ಬಂದಾಗ ಪುಟದ ಮೇಲೆ ನನ್ನ ಹಸಿರು ಬೆರಳಚ್ಚು ಬಿದ್ದಿತ್ತು. ಬೈಯುತ್ತಾರೆ ಅಂದುಕೊಂಡೆ. ಅವರು "ಎಲ್ಲೀ ತನಕ ಬಂದೆ?" ಎಂದು ಕೇಳಿದರು. ಬೆರಳಿಟ್ಟು ತೋರಿಸಿದೆ. "ಸರಿ, ಮುಂದೆ ಓದು. ನಾನು ಕಾಯಿ ಬಿಡಿಸ್ತೀನಿ" ಎಂದು ಮೊರ ಎಳೆದುಕೊಂಡು ಕೂತರು.

ಅಷ್ಟೇ ನಡೆದದ್ದು. 'ಏನು ಅರ್ಥವಾಯಿತು ಹೇಳು' ಎಂದು ಅವರು ಕೇಳಲಿಲ್ಲ, 'ಜಾಣೆ' ಎಂದೂ ಹೊಗಳಲಿಲ್ಲ. ಅವರಿಗೆ ಆ ಹುಡುಗಿಗೆ ಮುಂದೇನಾಯಿತು ಎಂಬುದು ಬೇಕಿತ್ತು, ನನಗೂ ಅದೇ ಬೇಕಿತ್ತು. ಓದಿನ ವಿಷಯದಲ್ಲಿ ದೊಡ್ಡವರೊಬ್ಬರು ನನ್ನನ್ನು ತಮ್ಮ ಸಮಕ್ಕೆ ಕೂರಿಸಿಕೊಂಡದ್ದು ಅದೇ ಮೊದಲು. ಮಕ್ಕಳಿಗೆ ಓದಿನ ರುಚಿ ಹತ್ತಿಸುವ ಬಗ್ಗೆ ಆಮೇಲೆ ನಾನು ಓದಿದ, ಕೇಳಿದ, ನೋಡಿದ ಎಷ್ಟೋ ಸಂಗತಿಗಳನ್ನು ಆ ಮಧ್ಯಾಹ್ನದ ಜೊತೆ ಇಟ್ಟು ನೋಡುತ್ತೇನೆ. ದೊಡ್ಡವರು ತಮ್ಮ ಸಂತೋಷಕ್ಕೆ ಓದುತ್ತಿರುವುದು ಮಗುವಿನ ಕಣ್ಣಿಗೆ ಬೀಳಬೇಕು, ಪುಸ್ತಕ ಮಗುವಿನ ಕೈಗೆಟುಕುವಷ್ಟು ಹತ್ತಿರ ಇರಬೇಕು, ಓದಿ ಮುಗಿಸಿದ ಮೇಲೆ ಯಾರೂ ಲೆಕ್ಕ ಕೇಳಬಾರದು. ಮೂರರಲ್ಲಿ ಕೊನೆಯದೇ ನಮಗೆ ಅತಿ ಕಷ್ಟದ್ದು.

ಸಹಿ, ಸ್ಟಿಕರ್, ಸರ್ಟಿಫಿಕೇಟ್

ಈಗ ನಗರದ ಎಷ್ಟೋ ಶಾಲೆಗಳಲ್ಲಿ ಮಕ್ಕಳಿಗೆ ಓದಿನ ಡೈರಿ ಕೊಡುತ್ತಾರೆ. ಪುಸ್ತಕದ ಹೆಸರು, ಬರೆದವರು, ಎಷ್ಟು ಪುಟ, ಕಥೆಯ ನೀತಿ, ಪೋಷಕರ ಸಹಿ. ಬೇಸಿಗೆ ರಜೆಯಲ್ಲಿ ಅಪಾರ್ಟ್‌ಮೆಂಟುಗಳಲ್ಲಿ 'ರೀಡಿಂಗ್ ಚಾಲೆಂಜ್' ನಡೆಯುತ್ತದೆ. ಹೆಚ್ಚು ಪುಸ್ತಕ ಓದಿದ ಮಗುವಿಗೆ ಸರ್ಟಿಫಿಕೇಟು, ಕ್ಲಬ್ ಹೌಸಿನಲ್ಲಿ ಫೋಟೋ. ಗೆಳತಿಯೊಬ್ಬಳ ಮಗಳು ಇಂಥ ಸ್ಪರ್ಧೆಗೆ ಹೆಸರು ಕೊಟ್ಟ ವಾರ, ಅರ್ಧ ಓದಿದ್ದ ದಪ್ಪ ಪುಸ್ತಕವನ್ನು ಕೆಳಗಿಟ್ಟು ಹದಿನಾರು ಪುಟದ ಪುಸ್ತಕಗಳನ್ನು ಆರಿಸಿ ಆರಿಸಿ ಮುಗಿಸಿದಳು. ಎಂಟು ವರ್ಷದ ಬುದ್ಧಿಗೆ ಅದು ಸರಿಯಾದ ಲೆಕ್ಕವೇ. ಸ್ಪರ್ಧೆ ಮುಗಿದ ಮೇಲೆ ಆ ದಪ್ಪ ಪುಸ್ತಕಕ್ಕೆ ಅವಳು ಮರಳಲಿಲ್ಲ. ಅದರ ಬಗ್ಗೆ ಗೆಳತಿ ಹೇಳಿದಾಗ ಅವಳ ದನಿಯಲ್ಲಿದ್ದ ನೋವು ನನಗೆ ಇನ್ನೂ ನೆನಪಿದೆ.

ಇದು ಒಂದು ಮಗುವಿನ ಮಾತಲ್ಲ. 1973ರಲ್ಲಿ ಅಮೆರಿಕದ ಮೂವರು ಮನಶ್ಶಾಸ್ತ್ರಜ್ಞರು, ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್, ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನರ್ಸರಿಯಲ್ಲಿ, ಬಣ್ಣದ ಪೆನ್ನು ಹಿಡಿದು ಚಿತ್ರ ಬರೆಯುವುದನ್ನು ಮೊದಲೇ ಇಷ್ಟಪಡುತ್ತಿದ್ದ ಮಕ್ಕಳನ್ನು ಆರಿಸಿಕೊಂಡರು. ಕೆಲವರಿಗೆ 'ಚಿತ್ರ ಬರೆದರೆ ಬಹುಮಾನದ ಪತ್ರ ಕೊಡುತ್ತೇವೆ' ಎಂದು ಮೊದಲೇ ಹೇಳಿದರು. ಕೆಲವರಿಗೆ ಏನೂ ಹೇಳದೆ ಕೊನೆಯಲ್ಲಿ ಅದೇ ಪತ್ರ ಕೊಟ್ಟರು. ಉಳಿದವರಿಗೆ ಕೊಡಲೇ ಇಲ್ಲ. ಒಂದೆರಡು ವಾರ ಬಿಟ್ಟು, ಯಾವ ಬಹುಮಾನದ ಮಾತೂ ಇಲ್ಲದೆ ಪೆನ್ನುಗಳನ್ನು ಸುಮ್ಮನೆ ಮೇಜಿನ ಮೇಲಿಟ್ಟರು. ಬಹುಮಾನದ ಆಸೆಗೆ ಚಿತ್ರ ಬರೆದಿದ್ದ ಮಕ್ಕಳು ಆಗ ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಪೆನ್ನು ಹಿಡಿದರು. ಇಷ್ಟವಿದ್ದ ಕೆಲಸವನ್ನು ಕೂಲಿಗೆ ಮಾಡಿದ ಮೇಲೆ, ಕೂಲಿ ಇಲ್ಲದಾಗ ಅದು ಬೇಡವಾಯಿತು. ಅನಿರೀಕ್ಷಿತವಾಗಿ ಪತ್ರ ಸಿಕ್ಕಿದ ಮಕ್ಕಳಲ್ಲಿ ಆ ಇಳಿತ ಕಾಣಲಿಲ್ಲ ಅನ್ನುವುದನ್ನೂ ಮರೆಯಬಾರದು. ಮಗುವಿಗೆ ಪುಸ್ತಕದ ಉಡುಗೊರೆ ಕೊಡಬಹುದು, ಓದಿದ್ದಕ್ಕೆ ಖುಷಿಪಡಬಹುದು. ಮುಂಚೆಯೇ ಕಟ್ಟುವ ಕರಾರು ಓದನ್ನು ಕೆಡಿಸುತ್ತದೆ.

ಬಹುಮಾನ ಕೊಡದ ಮನೆಗಳಲ್ಲೂ ಪ್ರಶ್ನೆ ಇರುತ್ತದೆ. "ಏನು ನೀತಿ ಇತ್ತು ಅದ್ರಲ್ಲಿ?" "ಕಥೆ ಹೇಳು ನೋಡೋಣ, ನಿಜವಾಗ್ಲೂ ಓದಿದ್ಯೋ ಇಲ್ವೋ." ದೊಡ್ಡವರಾದ ನಮ್ಮನ್ನು ಕಾದಂಬರಿ ಮುಗಿಸಿದ ರಾತ್ರಿ ಯಾರಾದರೂ ಹೀಗೆ ಕೂರಿಸಿ ಕೇಳಿದರೆ ಹೇಗನಿಸೀತು? ಒಳ್ಳೆಯ ಪುಸ್ತಕ ಮುಗಿದ ಮೇಲೆ ಸ್ವಲ್ಪ ಹೊತ್ತು ಬಾಯಿಗೆ ಮಾತು ಬರುವುದಿಲ್ಲ. ಮಕ್ಕಳಿಗೂ ಹಾಗೆಯೇ. ಹೇಳಬೇಕು ಅನಿಸಿದಾಗ ಅವರೇ ಬಂದು, ನಾವು ದೋಸೆ ಹುಯ್ಯುತ್ತಿರುವಾಗ, ಸ್ಕೂಟರಿನಲ್ಲಿ ಹಿಂದೆ ಕೂತಿರುವಾಗ, ಕಥೆಯನ್ನು ನಡುವಿನಿಂದ ಶುರುಮಾಡಿ ಹೇಳುತ್ತಾರೆ. ಆಗ ಕೇಳಿಸಿಕೊಳ್ಳಲು ನಾವಿರಬೇಕು, ಫೋನು ಕೆಳಗಿರಬೇಕು.

ಕನ್ನಡದಲ್ಲಿ ಓದುವ ಏರು

ಬೆಂಗಳೂರಿನ ಇಂಗ್ಲಿಷ್ ಮಾಧ್ಯಮದ ಮಕ್ಕಳ ವಿಷಯಕ್ಕೆ ಬಂದರೆ ಇನ್ನೊಂದು ತೊಡಕಿದೆ, ಇದನ್ನು ನಾವು ಬಿಡಿಸಿ ಮಾತಾಡುವುದೇ ಇಲ್ಲ. ಮನೆಯಲ್ಲಿ ಅಚ್ಚುಕಟ್ಟಾದ ಕನ್ನಡ ಮಾತಾಡುವ ಮಗು ಇಂಗ್ಲಿಷ್ ಪುಸ್ತಕವನ್ನು ಸರಸರನೆ ಓದುತ್ತದೆ, ಕನ್ನಡ ಪುಸ್ತಕ ಕೊಟ್ಟರೆ ಎರಡು ಸಾಲಿಗೆ ಸುಸ್ತಾಗಿ ಕೆಳಗಿಡುತ್ತದೆ. "ಕನ್ನಡ ಅಂದ್ರೆ ಅವನಿಗೆ ಇಂಟ್ರೆಸ್ಟೇ ಇಲ್ಲ" ಎಂದು ನಾವು ತೀರ್ಪು ಕೊಟ್ಟುಬಿಡುತ್ತೇವೆ. ಆಸಕ್ತಿ ಇಲ್ಲದ್ದಕ್ಕಿಂತ ಹೆಚ್ಚಾಗಿ ಅಲ್ಲಿರುವುದು ಆಯಾಸ.

ಲೆಕ್ಕ ಹಾಕಿ ನೋಡಿ. 34 ವ್ಯಂಜನಗಳು 13 ಸ್ವರಗಳ ಜೊತೆ ಸೇರಿದರೆ ಕಾಗುಣಿತವೇ 442 ರೂಪ. ಅದರ ಮೇಲೆ ಒತ್ತಕ್ಷರಗಳು. ಇಂಗ್ಲಿಷಿನ 26 ಅಕ್ಷರಗಳ ಕಷ್ಟ ಬೇರೆ ತರಹದ್ದು, ಅಲ್ಲಿ ಸ್ಪೆಲ್ಲಿಂಗ್ ಕೈಕೊಡುತ್ತದೆ. ಕನ್ನಡದಲ್ಲಿ ಅಕ್ಷರ ಕಂಡರೆ ಉಚ್ಚಾರಣೆ ಬಹುಮಟ್ಟಿಗೆ ಖಚಿತ, ಆದರೆ ಅಷ್ಟೂ ರೂಪಗಳನ್ನು ಕಣ್ಣು ಗುರುತು ಹಿಡಿಯುವವರೆಗೆ ಕಾಯಬೇಕು. ಕನ್ನಡ ಓದಲು ಕಲಿಯುವ ಮಕ್ಕಳನ್ನು ಅಧ್ಯಯನ ಮಾಡಿರುವ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಅಕ್ಷರಗಳ ಮೇಲಿನ ಹಿಡಿತ ಒಂದನೇ ಎರಡನೇ ತರಗತಿಗೆ ಮುಗಿಯದೆ ಕನಿಷ್ಠ ನಾಲ್ಕನೇ ತರಗತಿಯವರೆಗೂ ಬೆಳೆಯುತ್ತಲೇ ಇರುತ್ತದೆ ಎಂದು ತೋರಿಸಿದ್ದಾರೆ. ಅಂದರೆ ಏರು ಉದ್ದವಿದೆ. ದಿನವೂ ಕನ್ನಡದಲ್ಲೇ ಓದುವ ಮಕ್ಕಳಿಗೆ ಅಷ್ಟು ಕಾಲ ಬೇಕಾದರೆ, ವಾರಕ್ಕೆ ಕೆಲವೇ ಪೀರಿಯಡ್ ಕನ್ನಡ ಕಲಿಯುವ ಮಗುವಿನ ಗತಿ ಏನು? ಹನ್ನೊಂದು ವರ್ಷಕ್ಕೆ ಆ ಮಗುವಿನ ಮನಸ್ಸು ಬಾಹ್ಯಾಕಾಶ, ಪತ್ತೇದಾರಿ, ಯುದ್ಧ ಎಂದು ಹಾರುತ್ತಿರುತ್ತದೆ. ಕನ್ನಡದಲ್ಲಿ ಅದರ ಕಣ್ಣು ಓದಬಲ್ಲದ್ದು ಮಾತ್ರ ಕಾಗೆ ನರಿ ಕಥೆ. ಹನ್ನೊಂದರ ಹುಡುಗನಿಗೆ ಕಾಗೆ ನರಿ ಕೊಟ್ಟರೆ ಅವಮಾನವಾಗುತ್ತದೆ, ಕಾದಂಬರಿ ಕೊಟ್ಟರೆ ಉಸಿರು ಕಟ್ಟುತ್ತದೆ. ಏರಿನ ನಡುವೆಯೇ ಅವನು ಕೂತುಬಿಡುತ್ತಾನೆ, ಇನ್ನು ನಾಲ್ಕು ಹೆಜ್ಜೆ ಹತ್ತಿದ್ದರೆ ದಾರಿ ಸಲೀಸಾಗುತ್ತಿತ್ತು ಅನ್ನುವುದು ಅವನಿಗೆ ಗೊತ್ತಾಗುವುದೇ ಇಲ್ಲ.

ಆ ನಾಲ್ಕು ಹೆಜ್ಜೆಗೆ ನನಗೆ ಗೊತ್ತಿರುವ ಒಂದೇ ಆಸರೆ ದೊಡ್ಡವರ ದನಿ. ಮಗುವಿಗೆ ಓದಲು ಬಂತು ಎಂದ ತಕ್ಷಣ ನಾವು ಓದಿ ಹೇಳುವುದನ್ನು ನಿಲ್ಲಿಸಿಬಿಡುತ್ತೇವೆ, 'ಇನ್ನು ನೀನೇ ಓದ್ಕೋ' ಅನ್ನುತ್ತೇವೆ. ನಿಲ್ಲಿಸಬಾರದ ಹೊತ್ತು ಅದೇ. ಹತ್ತು ಹನ್ನೆರಡು ವರ್ಷದವರೆಗೂ ಓದಿ ಹೇಳಬೇಕು. ಕಣ್ಣು ಮುಟ್ಟಲಾಗದ ಕಥೆಯನ್ನು ಕಿವಿ ಮುಟ್ಟುತ್ತದೆ, ಪುಸ್ತಕದ ಕನ್ನಡ ಕಿವಿಗೆ ಒಗ್ಗಿದರೆ ಕಣ್ಣಿನ ಕೆಲಸ ಅರ್ಧಕ್ಕೆ ಇಳಿಯುತ್ತದೆ. ನಾವೊಂದು ಪುಟ, ಮಗು ಒಂದು ಪ್ಯಾರಾ. ಮಗು ತಡವರಿಸಿದಲ್ಲಿ ತಿದ್ದದೆ ಪದವನ್ನು ಮೆಲ್ಲಗೆ ಹೇಳಿ ಮುಂದೆ ಹೋಗಬೇಕು. ಕಥೆ ಗಂಟು ಬಿದ್ದ ಜಾಗದಲ್ಲಿ ಪುಸ್ತಕ ಮಗುಚಿಟ್ಟು ಏಳಬೇಕು. ಪುಸ್ತಕಕ್ಕೆ ದುಡ್ಡಿನ ಅಡ್ಡಿ ಇದ್ದರೆ, ನಮ್ಮ ಊರಿನದೇ ಆದ ಪ್ರಥಮ್ ಬುಕ್ಸ್ 2015ರಲ್ಲಿ ಶುರುಮಾಡಿದ 'ಸ್ಟೋರಿವೀವರ್' ಎಂಬ ವೆಬ್‌ಸೈಟ್ ಇದೆ. ಅಲ್ಲಿ ಕನ್ನಡದ ಮಕ್ಕಳ ಕಥೆಗಳು ಓದಿನ ಹಂತಕ್ಕೆ ತಕ್ಕಂತೆ ವಿಂಗಡಿಸಿಟ್ಟು ಪುಕ್ಕಟೆ ಸಿಗುತ್ತವೆ, ಮುದ್ರಿಸಿಕೊಳ್ಳಲೂಬಹುದು.

ಬೋರ್‌ವೆಲ್ ಲಾರಿ

ಹೆಣ್ಣೂರು–ಬಾಗಲೂರು ರಸ್ತೆಯ ಕಡೆ ಕಟ್ಟಡಗಳು ಏಳುತ್ತಲೇ ಇವೆ. ಅವುಗಳನ್ನು ಕಟ್ಟುವವರ ಮಕ್ಕಳಲ್ಲಿ ಕೆಲವರು ನಮ್ಮ ಶನಿವಾರದ ಕೋಣೆಗೆ ಬರುತ್ತಾರೆ. ಅವರಲ್ಲಿ ಒಬ್ಬ ಆರನೇ ಕ್ಲಾಸಿನ ಹುಡುಗ. ಯಾದಗಿರಿ ಕಡೆಯವನು, ಅಪ್ಪನಿಗೆ ಗಾರೆ ಕೆಲಸ. ಊರಿನಲ್ಲಿ ಅರ್ಧ, ಇಲ್ಲಿ ಅರ್ಧ ಎಂದು ಶಾಲೆ ಬದಲಿಸಿ ಬದಲಿಸಿ ಓದು ಎರಡನೇ ಕ್ಲಾಸಿನ ಮಟ್ಟದಲ್ಲೇ ನಿಂತಿತ್ತು. ಮೊದಲು ಬಂದಾಗ ಬಾಗಿಲ ಹತ್ತಿರವೇ ಕೂತು, ವಾಹನಗಳ ಚಿತ್ರವಿರುವ ಒಂದು ತೆಳ್ಳನೆ ಪುಸ್ತಕ ಎತ್ತಿಕೊಂಡ. ಆಮೇಲೆ ಬಂದಾಗಲೆಲ್ಲ ಅದೇ ಪುಸ್ತಕ. ಜೊತೆಗಿದ್ದ ಉತ್ಸಾಹಿ ಹುಡುಗಿಯೊಬ್ಬಳು ಅವನಿಗೆ ಬೇರೆ ಪುಸ್ತಕ ತೋರಿಸಲು ಹೋದಳು, "ಮುಂದಿನ ಲೆವೆಲ್‌ಗೆ ಹೋಗ್ಬೇಕಲ್ವಾ?" ಎಂದಳು. ಬಿಡೋಣ ಎಂದೆ. ಒಂದೇ ಪುಸ್ತಕವನ್ನು ಮತ್ತೆ ಮತ್ತೆ ಓದುವ ಮಗು ಸುಮ್ಮನೆ ಕೂತಿರುವುದಿಲ್ಲ. ಮೊದಲ ಸಲ ಅಕ್ಷರ ಕೂಡಿಸಿದ್ದು ಆಮೇಲೆ ಪದವಾಗಿ ಕಾಣುತ್ತದೆ, ಪದ ಸಾಲಾಗುತ್ತದೆ. ತಾನು ತಡೆಯಿಲ್ಲದೆ ಓದಬಲ್ಲೆ ಎಂಬ ಸುಖ ಅವನಿಗೆ ಆ ಪುಸ್ತಕದಲ್ಲಿ ಸಿಗುತ್ತಿತ್ತು. ಅದನ್ನು ಕಿತ್ತುಕೊಳ್ಳಲು ನಾವ್ಯಾರು?

ಒಂದು ದಿನ ಹೊರಡುವಾಗ ಪುಸ್ತಕ ಕೈಯಲ್ಲೇ ಇತ್ತು. "ಅಕ್ಕಾರ, ಇದು ಮನಿಗಿ ಒಯ್ಲೇನ್ರಿ?" ಎಂದ. ಒಯ್ಯಿ ಎಂದೆ. "ಹರದ್ರ?" ಎಂದು ಮತ್ತೆ ಕೇಳಿದ. ಹರಿದರೆ ಅಂಟಿಸೋಣ ಎಂದೆ. ಅವನಿಗೆ ನಂಬಿಕೆ ಬರಲಿಲ್ಲ. "ರೊಕ್ಕ ಕೊಡಬೇಕಾಗ್ತದೇನ್ರಿ?" ಎಂದು ಮೂರನೇ ಸಲ ಕೇಳಿ, ಇಲ್ಲ ಎಂದ ಮೇಲೆ ಪುಸ್ತಕವನ್ನು ಅಂಗಿಯೊಳಗೆ ತೂರಿಸಿಕೊಂಡು ಓಡಿದ. ಮುಂದಿನ ಸಲ ಬಂದಾಗ ತಂಗಿಯನ್ನೂ ಕರೆತಂದಿದ್ದ. ಆ ಪುಟ್ಟಿಗೆ ಪುಸ್ತಕ ಬಾಯಿಪಾಠವಾಗಿತ್ತು.

ಬೀಗದ ಕೈ ಯಾರ ಹತ್ತಿರ?

ಆ ಮೂರು ಪ್ರಶ್ನೆಗಳನ್ನು ಕೇಳಲು ಅವನಿಗೆ ಎಲ್ಲೋ ಯಾರೋ ಕಲಿಸಿದ್ದಾರೆ. ಶಿಕ್ಷಣ ಹಕ್ಕು ಕಾಯ್ದೆ, 2009ರ ಅನುಸೂಚಿಯಲ್ಲೇ ಪ್ರತಿ ಶಾಲೆಯಲ್ಲೂ ಗ್ರಂಥಾಲಯ ಇರಬೇಕು, ಅದರಲ್ಲಿ ಪತ್ರಿಕೆಗಳ ಜೊತೆ ಕಥೆ ಪುಸ್ತಕಗಳೂ ಇರಬೇಕು ಎಂದಿದೆ. ಪುಸ್ತಕಗಳು ಬರುತ್ತವೆ, ಗಾಡ್ರೆಜ್ ಬೀರುವಿಗೆ ಸೇರುತ್ತವೆ, ಬೀಗ ಬೀಳುತ್ತದೆ. ಬೀಗ ಹಾಕುವ ಮೇಷ್ಟ್ರನ್ನು ನಾನು ದೂರುವುದಿಲ್ಲ. ಸ್ಟಾಕ್ ರಿಜಿಸ್ಟರಿನಲ್ಲಿ ಒಂದು ಪುಸ್ತಕ ಕಡಿಮೆ ಬಂದರೆ ಉತ್ತರ ಕೊಡಬೇಕಾದವರು ಅವರು. ಆದರೆ ಕೇಂದ್ರ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳೇ ಈ ವಿಷಯದಲ್ಲಿ ನಮಗಿಂತ ಉದಾರವಾಗಿವೆ. ವರ್ಷದಲ್ಲಿ ಓದಲು ಕೊಟ್ಟ ಪ್ರತಿ 1,000 ಪುಸ್ತಕಗಳಿಗೆ 5 ಕಳೆದುಹೋದರೆ, ಅಪ್ರಾಮಾಣಿಕತೆಯೋ ನಿರ್ಲಕ್ಷ್ಯವೋ ಇಲ್ಲದಿದ್ದಲ್ಲಿ, ಅದು ಸಹಜ ನಷ್ಟ ಎಂದು ಒಪ್ಪಿಕೊಳ್ಳಬಹುದು ಎನ್ನುತ್ತವೆ ಅವು. ಆ ತತ್ವವನ್ನು ಬರಹದಲ್ಲಿ ಪ್ರತಿ ಶಾಲೆಗೂ ಮುಟ್ಟಿಸಿ, 'ಹರಿದರೆ ಹರಿಯಲಿ, ಮಕ್ಕಳ ಕೈಗೆ ಕೊಡಿ' ಎಂದು ಮೇಲಿನವರು ಒಂದು ಮಾತು ಧೈರ್ಯ ಹೇಳಿದರೆ ಎಷ್ಟು ಬೀರುಗಳು ತೆರೆದುಕೊಳ್ಳಬಹುದು!

ಇದೇ ಊರಿನಲ್ಲಿ ತಮ್ಮ ಕೊನೆಯ ವರ್ಷಗಳನ್ನು ಕಳೆದು 1972ರಲ್ಲಿ ತೀರಿಕೊಂಡ ಎಸ್. ಆರ್. ರಂಗನಾಥನ್ ಅವರನ್ನು ಇಲ್ಲಿ ನೆನೆಯದೆ ಇರಲಾರೆ. ಗಣಿತದ ಮೇಷ್ಟ್ರಾಗಿದ್ದು ಗ್ರಂಥಪಾಲಕರಾದವರು. 1931ರಲ್ಲಿ ಅವರು ಮುಂದಿಟ್ಟ ಐದು ಸೂತ್ರಗಳನ್ನು ಇವತ್ತಿಗೂ ಜಗತ್ತಿನ ಗ್ರಂಥಾಲಯ ಶಾಸ್ತ್ರದ ವಿದ್ಯಾರ್ಥಿಗಳು ಕಲಿಯುತ್ತಾರೆ. ಮೊದಲನೆಯದು, ಪುಸ್ತಕಗಳಿರುವುದು ಬಳಸುವುದಕ್ಕೆ. ಎರಡು ಮತ್ತು ಮೂರನೆಯವು, ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ. ಓದುಗ ತಾನೇ ಕಪಾಟಿನ ಮುಂದೆ ನಿಂತು ಕೈಹಾಕಿ ಆರಿಸಿಕೊಳ್ಳಬೇಕು ಎಂದು ಅವರು ಬಲವಾಗಿ ಪ್ರತಿಪಾದಿಸಿದರು. ದೆವ್ವದ ಪುಸ್ತಕ ಎದೆಗವಚಿಕೊಂಡ ಮಗುವಿನ ಪರವಾಗಿ ಇದಕ್ಕಿಂತ ಒಳ್ಳೆಯ ವಾದ ನನಗೆ ಗೊತ್ತಿಲ್ಲ.

ಊರಿನಲ್ಲಿ ಜಾಗಗಳಿಲ್ಲವೆಂದಲ್ಲ. ಕಬ್ಬನ್ ಪಾರ್ಕಿನ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಕೆಂಪು ಕಟ್ಟಡದಲ್ಲಿ ರಾಜ್ಯ ಕೇಂದ್ರ ಗ್ರಂಥಾಲಯವಿದೆ. ಬಸವನಗುಡಿಯಲ್ಲಿ 1945ರಿಂದ ನಡೆದುಬಂದಿರುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್‌ನಲ್ಲಿ ಮಕ್ಕಳಿಗೇ ಬೇರೆ ವಿಭಾಗವಿದೆ. 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯಡಿ ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ಸೇರಿರುತ್ತದೆ. ಮನೆಯ ತೆರಿಗೆ ರಸೀದಿ ತೆಗೆದು ನೋಡಿ. ಅಂದಮೇಲೆ ಬಡಾವಣೆಯ ಲೈಬ್ರರಿ ನಮ್ಮದೇ ದುಡ್ಡಿನದು. ಅಲ್ಲಿಗೆ ಮಕ್ಕಳನ್ನು ಕೈಹಿಡಿದು ಕರೆದುಕೊಂಡು ಹೋಗುವವರು ಕಡಿಮೆ. ಬೆಳಿಗ್ಗೆ ಪೇಪರ್ ಓದುವ ಹಿರಿಯರು, ಹಗಲೆಲ್ಲ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು. ಮಕ್ಕಳು ಬಂದು ಗಲಾಟೆ ಮಾಡಿ, 'ನಮಗೆ ಈ ಪುಸ್ತಕ ತರಿಸಿ' ಎಂದು ಪೀಡಿಸಿದರೆ ಮಾತ್ರ ಮಕ್ಕಳ ಕಪಾಟು ತುಂಬೀತು.

ಒಂಬತ್ತನೇ ಕ್ಲಾಸಿನ ಗೋಡೆ

ಚಿಕ್ಕಂದಿನಲ್ಲಿ ಹುಚ್ಚು ಹಿಡಿದಂತೆ ಓದುತ್ತಿದ್ದ ಮಕ್ಕಳೂ ಎಂಟು ಒಂಬತ್ತನೇ ಕ್ಲಾಸಿಗೆ ಬರುತ್ತಿದ್ದಂತೆ ನಿಲ್ಲಿಸುತ್ತಾರೆ. ಫೋನನ್ನು ಮಾತ್ರ ಬೈದು ಪ್ರಯೋಜನವಿಲ್ಲ. 'ಎಸ್ಸೆಸ್ಸೆಲ್ಸಿ ಮುಗೀಲಿ, ಆಮೇಲೆ ಓದಿದ್ರಾಯ್ತು' ಎಂದು ಕಥೆ ಪುಸ್ತಕವನ್ನು ಅಟ್ಟಕ್ಕೆ ಹಾಕುವವರು ನಾವೇ. ಆಮೇಲೆ ಪಿಯುಸಿ, ಸಿಇಟಿ, ನೀಟ್. ಮನಸ್ಸು ಅತ್ಯಂತ ಹಸಿದಿರುವ ಆ ನಾಲ್ಕು ವರ್ಷ ಹೀಗೆ ಕಳೆದುಹೋಗುತ್ತದೆ. ಮಲಗುವ ಮುಂಚೆ ಅರ್ಧ ಗಂಟೆ ತನಗಿಷ್ಟವಾದದ್ದನ್ನು ಓದಿದ ಕಾರಣಕ್ಕೆ ಯಾವ ಮಗುವಿನ ಭವಿಷ್ಯವೂ ಹಾಳಾಗುವುದಿಲ್ಲ ಎಂದು ನಾನು ಎದೆಮುಟ್ಟಿ ಹೇಳುತ್ತೇನೆ. ಈ ವಯಸ್ಸಿನವರ ಆಯ್ಕೆ ನಮಗೆ ಹಿಡಿಸದೇ ಇರಬಹುದು. ಜಪಾನಿನ ಮಂಗಾ, ಕೊಲೆಯ ಕಥೆ, ಫೋನಿನಲ್ಲಿ ಓದುವ ಪ್ರೇಮಕಥೆಗಳ ಸರಣಿ. ಓದಲಿ ಬಿಡಿ. ರುಚಿ ಬೆಳೆಯುವುದು ಓದುತ್ತಾ ಓದುತ್ತಾ, ಹತ್ತು ಸಾಧಾರಣ ಪುಸ್ತಕ ಓದಿದವರಿಗೇ ಹನ್ನೊಂದನೆಯದು ಒಳ್ಳೆಯದು ಎಂದು ತಿಳಿಯುವುದು.

ನನಗೆ ಭರವಸೆ ಕೊಡುವ ನೋಟವೊಂದು ಕಬ್ಬನ್ ಪಾರ್ಕಿನಲ್ಲಿದೆ. 2023ರ ಜನವರಿಯಲ್ಲಿ ಇಬ್ಬರು ಸ್ನೇಹಿತರು ಅಲ್ಲಿ ಚಾಪೆ ಹಾಸಿ ಪುಸ್ತಕ ಓದುತ್ತ ಕೂತರು. ಅದು 'ಕಬ್ಬನ್ ರೀಡ್ಸ್' ಆಗಿ ಬೆಳೆದು, ಬೇರೆ ಊರುಗಳಿಗೂ ಹಬ್ಬಿತು. ಶನಿವಾರ ಮರಗಳ ಕೆಳಗೆ ಸಾಲು ಸಾಲು ಚಾದರ, ಬಹುಪಾಲು ಕಾಲೇಜು ಮುಗಿಸಿ ಕೆಲಸಕ್ಕೆ ಸೇರಿದ ಎಳೆಯರು. ಯಾರೂ ಯಾರನ್ನೂ 'ಏನು ಓದಿದೆ' ಎಂದು ಕೇಳಬೇಕಾಗಿಲ್ಲ, ಭಾಷಣವಿಲ್ಲ, ಚರ್ಚೆಯ ಬಲವಂತವಿಲ್ಲ. ಬಂದು, ಕೂತು, ಓದಿ, ಎದ್ದು ಹೋಗುವುದು. ಪರೀಕ್ಷೆಯ ವರ್ಷಗಳಲ್ಲಿ ಓದು ಬಿಟ್ಟವರು ಹೀಗೆ ಮರಳಿ ಬರುತ್ತಾರೆ. ನಾನು ಕಂಡ ಮಟ್ಟಿಗೆ ಮರಳಿ ಬರುವವರೆಲ್ಲ ಚಿಕ್ಕಂದಿನಲ್ಲಿ ಒಮ್ಮೆಯಾದರೂ ಯಾವುದೋ ಪುಸ್ತಕದಲ್ಲಿ ಕಳೆದುಹೋದವರೇ.

ಹುಡುಗ ಹೇಳಿದ್ದು, ನಾನು ಬರೆದದ್ದು

ಯಾದಗಿರಿಯ ಹುಡುಗ ವಾಹನಗಳ ಪುಸ್ತಕ ಬಿಟ್ಟದ್ದು ತಾನಾಗಿಯೇ. ಒಂದು ಶನಿವಾರ ಬಂದವನೇ, "ಇದ್ರಾಗ ಬೋರಿನ ಲಾರಿ ಯಾಕಿಲ್ರಿ?" ಎಂದು ಕೇಳಿದ. ಅವರಿರುವ ಸೈಟಿನಲ್ಲಿ ಹಿಂದಿನ ವಾರ ಬೋರ್‌ವೆಲ್ ಕೊರೆದಿದ್ದರು. ಇವನು ರಾತ್ರಿಯೆಲ್ಲ ನಿದ್ದೆಗೆಟ್ಟು ನೋಡಿದ್ದ. ತೆಂಗಿನಕಾಯಿ ಅಂಗೈ ಮೇಲಿಟ್ಟುಕೊಂಡು ಪಾಯಿಂಟ್ ತೋರಿಸಿದ ಮುದುಕ, ಕಂಪ್ರೆಸರಿನ ಸದ್ದಿಗೆ ನಡುಗಿದ ತಗಡಿನ ಶೆಡ್ಡು, ಕೇಸಿಂಗ್ ಪೈಪು ಇಳಿಸಿದ್ದು, ಮೊದಲು ಕೆಂಪು ಮಣ್ಣು, ಆಮೇಲೆ ಬೂದು ಬಣ್ಣದ ಕಲ್ಲಿನ ಪುಡಿ. ಒಂದು ರಾಡಿಗೆ ಇಪ್ಪತ್ತಡಿ ಎಂದು ಯಾರೋ ಹೇಳಿದ್ದನ್ನು ಹಿಡಿದುಕೊಂಡು, ಇಳಿದ ರಾಡುಗಳನ್ನು ಎಣಿಸಿ ಆಳ ಲೆಕ್ಕ ಹಾಕಿದ್ದ. "ಎಲ್ಲಾ ಬೋರಿನ ಲಾರಿಗೂ ತಮಿಳುನಾಡು ನಂಬರ್ ಯಾಕಿರ್ತಾವ್ರಿ?" ಎಂಬ ಪ್ರಶ್ನೆ ಬೇರೆ. ಅಲ್ಲಿನ ತಿರುಚೆಂಗೋಡು ಎಂಬ ಊರು ಈ ಲಾರಿಗಳಿಗೇ ಹೆಸರುವಾಸಿ, ಅಲ್ಲಿಂದ ದೇಶದ ಎಲ್ಲೆಡೆಗೂ ಹೋಗುತ್ತವೆ ಎಂದು ಹೇಳಿದಾಗ ಅವನು ಆ ಊರಿನ ಹೆಸರನ್ನು ಬಾಯಲ್ಲಿ ತಿರುಗಿಸಿ ತಿರುಗಿಸಿ ನೋಡಿದ.

ಅವನ ಓದಿನ ಮಟ್ಟಕ್ಕೆ, ಅವನ ಕುತೂಹಲದ ಎತ್ತರಕ್ಕೆ, ಕನ್ನಡದಲ್ಲಿ ಬೋರ್‌ವೆಲ್ ಲಾರಿಯ ಪುಸ್ತಕ ಎಲ್ಲಿ ಹುಡುಕಿದರೂ ಸಿಗಲಿಲ್ಲ. ನ್ಯೂಜಿಲೆಂಡಿನಲ್ಲಿ ಮಾವೋರಿ ಮಕ್ಕಳಿಗೆ ಕಲಿಸುತ್ತಿದ್ದ ಸಿಲ್ವಿಯಾ ಆಷ್ಟನ್-ವಾರ್ನರ್ ಎಂಬ ಶಿಕ್ಷಕಿ, ಮಕ್ಕಳ ಬಾಯಿಂದ ಬಂದ ಪದಗಳನ್ನೇ ಬರೆದು ಅವರಿಗೆ ಓದಲು ಕೊಡುತ್ತಿದ್ದರು. ನಾನೂ ಒಂದು ಉದ್ದ ನೋಟ್‌ಬುಕ್ ತಂದೆ. ಅವನು ಹೇಳುತ್ತಾನೆ, ನಾನು ಅವನ ಮಾತಿನಲ್ಲೇ ದಪ್ಪ ಅಕ್ಷರದಲ್ಲಿ ಬರೆಯುತ್ತೇನೆ, ಅವನು ಓದುತ್ತಾನೆ. 'ಕಂಪ್ರೆಸರ್' ಎಂಬ ಪದವನ್ನು ಅವನು ತಡೆಯಿಲ್ಲದೆ ಓದಿದ್ದು ನೋಡಿ ಆ ಉತ್ಸಾಹಿ ಹುಡುಗಿ ಚಪ್ಪಾಳೆ ತಟ್ಟಿದಳು. ಚಿತ್ರಗಳೆಲ್ಲ ಅವನವೇ. ಆಳ ಬರೆಯುವ ಪುಟದಲ್ಲಿ ಮಾತ್ರ ಜಗಳ ಬಿದ್ದಿದೆ. ತಾನು ಎಣಿಸಿದ ರಾಡಿನ ಪ್ರಕಾರ ಸಾವಿರದ ಇನ್ನೂರಡಿ ಎಂದು ಅವನು, ಸಾವಿರವೂ ಇರಲಿಲ್ಲ, ನಡುವೆ ನೀನು ನಿದ್ದೆ ಹೋಗಿದ್ದೆ ಎಂದು ತಂಗಿ. ಆ ಜಾಗವನ್ನು ಸದ್ಯಕ್ಕೆ ಖಾಲಿ ಬಿಟ್ಟಿದ್ದೇವೆ. ಸೈಟಿನ ಮೇಸ್ತ್ರಿಯನ್ನು ಕೇಳಿಕೊಂಡು ಬರುತ್ತೇನೆ ಎಂದು ಹೇಳಿ ಹೋಗಿದ್ದಾನೆ.